ಅಡ್ಡತಂತಿ

ಕ್ಯಾರ್ಡ್ಲಾದ ರೈವೊನ ಅಂಗಡಿಯಲ್ಲಿ ಏನು ಕೇಳಿದರೂ ಉಂಟು,
ಟೋಸ್ಟರು, ಬಲೆಗೆ ಕಟ್ಟುವ ಸೀಸ, ಸತ್ತ ರೇಡಿಯೋಗಳ ಗುಬುಟು.
ಡಬ್ಬಿಯೊಂದನ್ನು ಮೇಜಿನ ಮೇಲೆ ಬೋರಲು ಹಾಕಿ ಅಂದ:
ಮೂರಿವೆ, ಆರಿಸಿಕೋ.

ಒಂದು ನೀಲಿ. ಗಾಜಿನಂಥ ಮೈ, ಒಳಗಿನ ಕರುಳೆಲ್ಲ ಕಾಣುತ್ತದೆ.
ನಾಲ್ಕು ಯೂರೋ.
ಒಂದು ಕಪ್ಪು, ಗಿಡ್ಡ, ಅಂದಚೆಂದವಿಲ್ಲ. ಇಪ್ಪತ್ತೆರಡು.
ಇನ್ನೊಂದರ ಬೆಲೆಚೀಟಿ ಉದುರಿದೆ,
ಬಾಲ ಮಾತ್ರ ಉದ್ದ.

ನನ್ನ ಚೀಲದಲ್ಲಿ ಬಂದರಿನ ಪೆಟ್ಟಿಗೆ.
ಕಡಲು ಏರಿದ್ದು ಇಳಿದದ್ದು ಹತ್ತು ನಿಮಿಷಕ್ಕೊಮ್ಮೆ
ಬರೆದಿಟ್ಟುಕೊಂಡು, ಒಂದು ವಸಂತದಲ್ಲಿ ಸುಮ್ಮನಾದದ್ದು.
ಸೋಮವಾರ ಗುಜರಿಗೆ.
ಬೆನ್ನಲ್ಲೊಂದು ಕಿಂಡಿ, ಕಿಂಡಿಯೊಳಗೆ ಒಂಬತ್ತು ಸೂಜಿ.
ನನ್ನ ಲ್ಯಾಪ್‌ಟಾಪಿಗೋ ಎರಡೇ ಚಪ್ಪಟೆ ಬಾಯಿ,
ಸೂಜಿ ಅಂದರೇನೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಒಂಬತ್ತು ಬಾಗಿಲ ಮನೆ ಎಂದು ಮೈಯನ್ನು ಕರೆದವರುಂಟಂತೆ,
ಇದನ್ನು ಕಂಡಿದ್ದರೆ ನಗುತ್ತಿದ್ದರೇನೋ.
ಇದರ ಬದುಕಿಗೆ ಬೇಕಾದದ್ದು ಮೂರೇ:
ಹೇಳಲೊಂದು, ಕೇಳಲೊಂದು, ಕಾಲೂರಲು ನೆಲವೊಂದು.
ಮಿಕ್ಕ ಆರು ಬರಿಯ ಮರ್ಯಾದೆಗೆ.
ಇದ್ದೀಯಾ? ಇದ್ದೇನೆ. ಹೇಳಲೇ? ಹೇಳು.
ದಾರಿ ಸರಿಯಿದೆಯಾ? ಬಾಗಿಲಲ್ಲಿ ಗಂಟೆ ಬಾರಿಸಿತಾ?

ನೀಲಿಯನ್ನೇ ಕೊಂಡೆ. ಜಿಪುಣತನ, ಮತ್ತೇನಿಲ್ಲ.
ರೈವೊ ಚಿಲ್ಲರೆ ಎಣಿಸಿದ, ಎರಡು ಸಲ.
ಬಂದರಿನ ಕೋಣೆಯಲ್ಲಿ ಲ್ಯಾಪ್‌ಟಾಪು ಟಿಣ್ ಎಂದಿತು,
ಆಮೇಲೆ ಹಳದಿ ತ್ರಿಕೋನ.
ಚಿಪ್ಪಿನೊಳಗಿನ ಚಿಪ್ಪು ಯಾರದೋ ಹೆಸರು ಕದ್ದದ್ದಂತೆ.
ಡ್ರೈವರು ಮುಖ ತಿರುಗಿಸಿ ಕೂತಿತು.

ಮತ್ತೆ ಬಸ್ಸು, ಮತ್ತೆ ಜುನಿಪರ್ ಪೊದೆ, ಕೊಳೆತ ಮಂಜು.
ಕಪ್ಪನ್ನು ಅವನು ಆಗಲೇ ಕಾಗದದಲ್ಲಿ ಸುತ್ತಿಟ್ಟಿದ್ದ.
"ಇದಕ್ಕೂ ಸೂಜಿ, ನಿನ್ನ ಪೆಟ್ಟಿಗೆಗೂ ಸೂಜಿ" ಎನ್ನುತ್ತ
ಎರಡು ತುದಿಗೂ ತೂತಿರುವ ಮೊಳದುದ್ದದ ಕೇಬಲ್ಲು ಮೇಲಿಟ್ಟ.
"ಅಡ್ಡತಂತಿ. ದುಡ್ಡು ಬೇಡ.
ಬಾಯಿಗೆ ಬಾಯಿ ಒತ್ತಿದರೆ ಮುತ್ತಾದೀತು, ಮಾತಾಗದು.
ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಬೀಳಬೇಕು."
ಮೂರು ಮದುವೆ ಮುರಿದುಕೊಂಡವನು, ಗೊತ್ತಿದ್ದೇ ಹೇಳಿರಬೇಕು.

ಒಂಬತ್ತು ಸಾವಿರದ ಆರುನೂರಕ್ಕೆ ಕೂಗಿದೆ.
ತೆರೆ ತುಂಬ ಚೌಕ, ಪ್ರಶ್ನೆ, ಕಾಗೆ ಕಾಲು.
ಅರ್ಧಕ್ಕಿಳಿಸಿದೆ. ಕಾಗೆ ಕಾಲು.
ಅದರರ್ಧ. ಮತ್ತೂ ಅರ್ಧ.
ಸಾವಿರದ ಇನ್ನೂರರಲ್ಲಿ, ಗಂಟಲು ಸರಿಮಾಡಿಕೊಂಡ ಹಾಗೆ,
ನಲವತ್ತೊಂದು
ನಲವತ್ತೆರಡು
ನಲವತ್ತೆರಡು
ಮೂವತ್ತೊಂಬತ್ತು

ಕಡಲೇ!

ಆದರೆ ದಿನಾ ಸಂಜೆ ನಾಲ್ಕು ಹತ್ತಕ್ಕೆ ಸಾಲು ತುಂಡು.
ನಾಲ್ಕು ಐವತ್ತಕ್ಕೆ ಮತ್ತೆ ನೀರು.
ಅಡಾಪ್ಟರನ್ನು ಬೈದೆ, ರೈವೊನನ್ನೂ ಬೈದೆ,
ಬಿಚ್ಚಿ ಚುಚ್ಚಿ ಮೊದಲಿಂದ ಇಳಿಸಿಕೊಂಡೆ.
ಅದೇ ತೂತು, ಅದೇ ಹೊತ್ತು.
ಆಮೇಲೆ ಗೋಡೆ ನೋಡಿದೆ.

ಸಾಕೆಟ್ಟು ಒಂದೇ.
ಕೆಳಗಿನ ಹಲಗೆಯಲ್ಲಿ ಕಂದು ಉಂಗುರಗಳು,
ಒಂದರ ಮೇಲೊಂದು, ಇಪ್ಪತ್ತು ವರ್ಷದ ಲೋಟ.
ಎಂಡೆಲ್!
ಒಂದು ಗಳಿಗೆಯೂ ಕಡಲಿಂದ ಕಣ್ಣು ಕಿತ್ತವನಲ್ಲ ಎಂದು
ಅವನನ್ನು ಮಣ್ಣು ಮಾಡಿದ ದಿನ ಎಲ್ಲರೂ ಅಂದಿದ್ದರು.
ಕಣ್ಣು ಕಿತ್ತಿರಲಿಕ್ಕಿಲ್ಲ. ಪ್ಲಗ್ಗು ಕಿತ್ತಿದ್ದ,
ಕಾಫಿಗೆ.

ಬಿಸಾಡುವುದೇ ಎಂದುಕೊಂಡು ಕೆಳಕ್ಕೆ ಜಾರಿಸುತ್ತ ಹೋದೆ,
ನವೆಂಬರಿಗೆ ಬಂದೆ. ದೋಣಿಮನೆಯ ಬಾಗಿಲು
ತೇಲಿಕೊಂಡು ಹೋದ ಆ ಬಿರುಗಾಳಿಗೆ.
ನೂರ ಹತ್ತು. ನೂರ ಮೂವತ್ತೆರಡು.
ನಾಲ್ಕು ಹತ್ತು: ನೂರ ನಲವತ್ತು.
ನಾಲ್ಕು ಇಪ್ಪತ್ತು: ನೂರ ನಲವತ್ತಾರು.
ನಾಲ್ಕು ಮೂವತ್ತು, ನಾಲ್ಕು ನಲವತ್ತು,
ರಾತ್ರಿ, ಹಗಲು, ರಾತ್ರಿ,
ಮೂರು ದಿನ ಎಲ್ಲೂ ಒಂದು ಹೊಲಿಗೆ ಬಿಟ್ಟಿಲ್ಲ.

ನಾಲ್ಕನೆಯ ದಿನ ನೀರು ನಲವತ್ತಕ್ಕೆ ಇಳಿದಿದೆ.
ಅವತ್ತಿನ ತೂತು
ಒಂದೂವರೆ ಗಂಟೆ ಉದ್ದ.