ಒತ್ತಕ್ಷರಕ್ಕೆ ಜಾಗ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಝೆರಾಕ್ಸ್ ಅಂಗಡಿಗೆ ಬೆನ್ನು ಕೊಟ್ಟು ಕೂತ
ನನ್ನ ಬೈಂಡಿಂಗ್ ಅಂಗಡಿ.
ವಕೀಲರ ಕಡತ, ಸೊಸೈಟಿಯ ಲೆಜರು,
ಬಿ.ಎಡ್. ಹುಡುಗಿಯರ ಪಾಠಯೋಜನೆ.
ಇಪ್ಪತ್ತಾರು ವರ್ಷ ಹೊಲಿದದ್ದೆಲ್ಲ
ಯಾರೂ ಓದುವಂಥದ್ದಲ್ಲ.

ಆಷಾಢದ ಒಂದು ಬುಧವಾರ
ಸೀಗೆಹಟ್ಟಿಯ ತಸ್ಕೀನ್ ಬಂದು
ಬಿಡಿ ಹಾಳೆಯ ಮೂರು ಕಟ್ಟು ಇಳಿಸಿದಳು.
ಯಾರದೋ ಪುಸ್ತಕ ಎರವಲು ತಂದು
ಒಂದೇ ರಾತ್ರಿಯಲ್ಲಿ ನಕಲು ತೆಗೆಸಿದ್ದು.
ಒಂದರಲ್ಲಿ ಬರೀ ಕೈಗಳು:
ಹಿಡಿದ ಕೈ, ಬಿಟ್ಟ ಕೈ, ಬೆರಳು ಮಡಿಸಿ ಲೆಕ್ಕ ಹಾಕುವ ಕೈ.
ಇನ್ನೊಂದರಲ್ಲಿ ನಿಬ್ಬು, ಕುಂಚ, ಶಾಯಿ ಒಣಗುವ ಹೊತ್ತು.
ಮೂರನೆಯದರ ತುಂಬ ಚೌಕ.
‘ಕಾಮಿಕ್ಸ್ ಮಾಡೋದು ಹೇಗೆ ಅಂತ’ ಅಂದಳು,
ಉಪ್ಪಿನಕಾಯಿ ಹಾಕೋದು ಹೇಗೆ ಅಂದಷ್ಟು ಸಲೀಸಾಗಿ.

ಅದನ್ನು ಯಾರೋ ಮಾಡುತ್ತಾರೆಂದೇ ನನಗೆ ಹೊಳೆದಿರಲಿಲ್ಲ.
ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ, ಕ್ಲಿಪ್ಪಿಗೆ ನೇತುಬಿದ್ದು,
ತಾನಾಗಿ ಹುಟ್ಟುತ್ತದೆ ಅಂದುಕೊಂಡಿದ್ದೆ.

ದಾರ ಪೋಣಿಸುತ್ತ ಕೇಳಿದೆ:
ಚೌಕಕ್ಕೂ ಚೌಕಕ್ಕೂ ನಡುವೆ ಈ ಬಿಳಿ ಏನು?
‘ಗಟರ್.’
ಅಂದರೆ ಮೋರಿ?
ನಕ್ಕಳು. ‘ಹೂಂ, ಮೋರಿನೇ.
ಇಲ್ನೋಡಿ, ಲೋಟ ಮೇಜಿನ ಅಂಚಲ್ಲಿ.
ಇಲ್ಲಿ ಹುಡುಗ ಪೊರಕೆ ಹಿಡಿದು ನಿಂತಿದಾನೆ.
ಒಡೆದದ್ದೆಲ್ಲಿ, ಹೇಳಿ?’

ನಮ್ಮ ಕಸುಬಲ್ಲೂ ಒಂದು ಗಟರ್ ಇದೆ ಮಗಳೇ,
ಎರಡು ಪುಟ ಬೆನ್ನಿಗೆ ಸೇರಿ ಮುಳುಗುವ ಕಡೆ.
ಅಲ್ಲಿ ಏನು ಸಿಕ್ಕರೂ ಹೊಲಿಗೆ ನುಂಗುತ್ತದೆ.
ಆಯನೂರಿನ ಲೆಕ್ಕದಲ್ಲೊಂದು ಸೊನ್ನೆ ನುಂಗಿ
ಕಾರ್ಯದರ್ಶಿ ಎರಡು ತಿಂಗಳು ನಿದ್ದೆಗೆಟ್ಟಿದ್ದ.

ಆಮೇಲೆ ದಿನಾ ಬಂದಳು.
ಸ್ಟೂಲಿನ ಮೇಲೆ ಕೂತು, ನನ್ನ ಸ್ಕೇಲನ್ನೇ ಎಳೆದುಕೊಂಡು.
ಅವಳಿಗೆ ಸಿಟ್ಟು ಬಂದದ್ದು ಮಾತಿನ ಗುಳ್ಳೆಯ ಅಧ್ಯಾಯಕ್ಕೆ.
ಸಾಲಿಗೂ ಸಾಲಿಗೂ ಇಷ್ಟೇ ಬಿಡಿ ಅಂತ ಅಳತೆ ಕೊಟ್ಟಿದ್ದಾರೆ;
ಇವಳ ಕಂಡಕ್ಟರು ತೀರ್ಥಳ್ಳಿ ತೀರ್ಥಳ್ಳಿ ಅಂತ ಕೂಗಿದರೆ
ಮೇಲಿನ ಳ್ಳಿಯ ಒತ್ತು ಜಾರಿ
ಕೆಳಗಿನ ತೀಯ ತಲೆ ಮೇಲೆ ಕೂರುತ್ತದೆ,
ಶನಿವಾರದ ಬಸ್ಸಿನ ಹಾಗೆ.
‘ಒತ್ತಕ್ಷರ ಅಂತ ಒಂದು ಪ್ರಾಣಿ ಇದೆ ಅಂತಲೇ
ಈ ಪುಸ್ತಕದೋರಿಗೆ ಗೊತ್ತಿಲ್ಲ’ ಎಂದು
ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಳು:
ನಮಗೆ ಇನ್ನರ್ಧ ಸಾಲು ಬೇಕು.

ಸದ್ದುಗಳ ಪಟ್ಟಿಯನ್ನಂತೂ ಪೂರ್ತಿ ಹೊಡೆದುಹಾಕಿದಳು.
ಅವರ ಬಾಗಿಲು ಬೇರೆ ಥರ ಬಡಕೊಳ್ಳುತ್ತದಂತೆ.
ದಡಾರ್. ಗುಳುಂ. ಪಚಕ್.
ಕಾವಲಿಗೆ ಚೊಂಯ್.
ತಲೆಯೆತ್ತಿ ಕೇಳಿದಳು:
ಸೂಜಿ ಹಾಳೆಯೊಳಗೆ ಹೋಗೋ ಸದ್ದು ಏನು?

ಇಪ್ಪತ್ತಾರು ವರ್ಷ.
ನಾನು ಕಿವಿಗೊಟ್ಟಿರಲಿಲ್ಲ.

ದೀಪಾವಳಿ ಕಳೆದ ಮೇಲೆ
ಅವಳದೇ ಎಂಟು ಪುಟ ಬಂತು, ಎರಡು ಪ್ರತಿ.
ಯಾರಿಗೂ ಮುಖವಿಲ್ಲ, ಕೈಗಳು ಮಾತ್ರ.
ಆ ಪುಸ್ತಕದ ಕೈಗಳಲ್ಲ:
ಅಂಟು ಹತ್ತಿ ಉಗುರು ಹಳದಿಯಾದ,
ಹೆಬ್ಬೆರಳು ತುಸು ಒಳಕ್ಕೆ ಹೊರಳಿದ,
ನನ್ನವು.
ಐದನೇ ಚೌಕದಲ್ಲಿ ಸೂಜಿ.
ಆರನೆಯದರಲ್ಲಿ ಹೆಬ್ಬೆರಳಿಗೆ ಸುತ್ತಿದ ಬಟ್ಟೆ.
ನಡುವೆ ಅರ್ಧ ಬೆರಳಗಲ ಬಿಳಿ.

ಅವತ್ತು ಅವಳು ಗಮನಿಸಿರಲಿಲ್ಲ ಅಂದುಕೊಂಡಿದ್ದೆ.
ಕೈತಪ್ಪಿ ಚುಚ್ಚಿಕೊಂಡದ್ದಲ್ಲ ಅದು;
ಮೆಗ್ಗಾನ್ ಆಸ್ಪತ್ರೆಯಿಂದ, ತಮ್ಮನ ವಿಷಯ,
ಫೋನು ಬಂದ ಗಳಿಗೆ.
ಫೋನನ್ನು ಅವಳು ಬರೆದಿಲ್ಲ.
ರಕ್ತವನ್ನೂ.
ಮೋರಿಗೆ ಬಿಟ್ಟಿದ್ದಾಳೆ.

ಬೆನ್ನ ಕಡೆ ಮುಕ್ಕಾಲು ಅಂಗುಲ ಹೆಚ್ಚೇ ಬಿಟ್ಟು ಹೊಲಿದೆ.
ಎಂಬತ್ತು ಅಂದೆ. ಅರವತ್ತು ಕೊಟ್ಟು
ಒಂದು ಪ್ರತಿ ನನಗೇ ಇಟ್ಟು ಹೋದಳು.

ಸೂಜಿಯ ಪಕ್ಕದ ಗುಳ್ಳೆ ಖಾಲಿ.
ನೀವೇ ತುಂಬಿ ಅಂದಿದ್ದಾಳೆ.
ಒತ್ತಕ್ಷರಕ್ಕೂ ಸೇರಿಸಿ ಜಾಗ ಬಿಟ್ಟಿದ್ದಾಳೆ.
ಪುಚ್? ಅಲ್ಲ.
ಸುಯ್ಯ್ ಅನ್ನುವುದು ದಾರ.
ಟುಕ್ ಹತ್ತಿರ, ಆದರೆ ಅದು ರಟ್ಟಿನದು.
ಬೆನ್ನ ಹಿಂದಿನ ಗೋಡೆಯಾಚೆ ಝೆರಾಕ್ಸ್ ಯಂತ್ರ
ದಿನವಿಡೀ ಗೊರಗುಡುತ್ತದೆ.
ಪೆನ್ಸಿಲು ಕಿವಿಗೆ ಸಿಕ್ಕಿಸಿ
ಕರೆಂಟು ಹೋಗಲಿ ಅಂತ
ಕಾಯುತ್ತಿದ್ದೇನೆ.