ಹದಿನೇಳನೆಯದು

ಸಾಲು ಒಂಬತ್ತು, ಪಡುವಣದಿಂದ ಮೂಡಣಕ್ಕೆ.
ಅಂಚಿನಲ್ಲಿ ಅಚ್ಚಾದ ಗಡಿಯಾರ ಕೆಟ್ಟು ನಿಂತಿತ್ತು;
ತೆಂಗಿನ ನೆರಳು ಅಳೆದು ಚೌರಪ್ಪ ಹೇಳಿದ್ದ:
ಬೆಳಿಗ್ಗೆ ಹತ್ತು, ಚಳಿಗಾಲ.

ಈಜಿಪುರದ ಈ ಗೋದಾಮಿನಲ್ಲಿ
ಟ್ರೇ ಎಳೆದರೆ ವಿನಿಗರ್ ವಾಸನೆ.
ಒಂದೊಂದು ಫೋಟೋದ ನಡುಬಿಂದು ಹುಡುಕಿ
ನಕ್ಷೆಯ ಮೇಲೆ ಚುಕ್ಕಿ ಇಟ್ಟು, ನಂಬರು ಬರೆದು,
ಚುಕ್ಕಿಗೆ ಚುಕ್ಕಿ ಸೇರಿಸುವುದು ನನ್ನ ಕೆಲಸ.
ರಂಗೋಲಿ, ಎಂದು ನಗುತ್ತಾಳೆ ಅಕೌಂಟ್ಸಿನ ಜುಬೇದಾ.
ಹೌದು, ಎಳೆ ತಪ್ಪಿದರೆ
ಊರೇ ಪಕ್ಕದ ತಾಲ್ಲೂಕಿಗೆ ಹೋಗುವ ರಂಗೋಲಿ.

ಹದಿನಾರು ಇದೆ. ಹದಿನೆಂಟು ಇದೆ.
ನಡುವಿನದು ಇಲ್ಲ.

ಗಾಬರಿ ಬೇಡ, ಅಂದರು ಸಾಹೇಬರು,
ನೂರಕ್ಕೆ ಅರವತ್ತು ಪಾಲು ಒಂದರ ಮೇಲೊಂದು ಹಾಸಿರುತ್ತೆ,
ನೆಲ ಎಲ್ಲೂ ತಪ್ಪಿಲ್ಲ.
ನಿಜ. ಎರಡನ್ನೂ ಜೋಡಿಗಾಜಿನಡಿ ಇಟ್ಟು ಬಗ್ಗಿದೆ:
ದೊಮ್ಮಲೂರಿನ ಕಡೆಯ ಏರಿ ಇಸ್ತ್ರಿ ಮಾಡಿದಷ್ಟು ಚಪ್ಪಟೆ,
ಗುಂಡುತೋಪು ಬರೀ ಮಸಿ.
ತಪ್ಪಿದ್ದು ನೆಲವಲ್ಲ,
ಎತ್ತರ.

ನಿವೃತ್ತಿಯ ದಿನ ಚೌರಪ್ಪನ ಕೈಚೀಲದಲ್ಲಿ
ಒಂಬತ್ತಿಂಚು ಚೌಕದ ಲಕೋಟೆ. ನೋಡಿದ್ದೆ.
ಹಿಂದೊಮ್ಮೆ ಭೂತಗನ್ನಡಿ ಕೊಟ್ಟು ತೋರಿಸಿದ್ದ:
ಅಂಗಳ, ಒಗೆಯುವ ಕಲ್ಲು, ಪಕ್ಕದಲ್ಲಿ
ಗಸಗಸೆಯಷ್ಟು ಬಿಳಿ.
"ನಮ್ಮವ್ವ. ತಲೆ ಎತ್ತಿ ವಿಮಾನ ನೋಡ್ತಾ ಅವ್ಳೆ.
ಕಾಣಿಸ್ತಾ?"
ನನಗೆ ಕಂಡದ್ದು ಕಲ್ಲಿನ ನೆರಳಿಗೆ ಅಂಟಿದ ಇನ್ನೊಂದು ನೆರಳು.
ಹ್ಞೂಂ ಅಂದಿದ್ದೆ.

ರಿಜಿಸ್ಟರಿನ ಷರಾ ಕಾಲಮಿನಲ್ಲಿ
'ಲಭ್ಯವಿಲ್ಲ' ಎಂದು ಪೆನ್ಸಿಲಿನಲ್ಲಿ ಬರೆದೆ.
ಅಳಿಸಿ, ಇಂಕಿನಲ್ಲಿ
'ಎರವಲು ಹೋಗಿದೆ' ಎಂದು ಬರೆದೆ.
ವಾಪಸು ಬರುವ ತಾರೀಖು ಕೇಳುವ ಚೌಕದಲ್ಲಿ
ಒಂದು ಚುಕ್ಕಿ.