ಒಂದು ಮೊಳ

ನಾಪೋಕ್ಲಿನ ದನದಾಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ
ಕಂಪೌಂಡರು ನಾನು. ಊರಿಗೆಲ್ಲ ಹೇಳಿದ್ದೇನೆ,
ನಾಯಿಗೆ ಹೀಗೆ ಮಾಡಿ, ಬೆಕ್ಕಿಗೆ ಹಾಗೆ ಎಂದು;
ಚೀಟಿಯ ಹಿಂದೆ ಬರೆದೂ ಕೊಟ್ಟಿದ್ದೇನೆ.
ನನ್ನ ಮನೆಯಲ್ಲಿ ಯಾರು ಕೇಳಬೇಕು?

ನಲವತ್ತಮೂರಕ್ಕೆ ಮದುವೆ. ದೇಚಕ್ಕ ಬಂದಳು,
ಎರಡು ಟ್ರಂಕು, ಒಂದು ಹೊಲಿಗೆ ಮಿಷನ್ನು,
ಬಾಯಿ ಕಟ್ಟಿದ ಕಿತ್ತಳೆ ಬುಟ್ಟಿಯಲ್ಲಿ
ಗುರುಗುಟ್ಟುವ ಒಂದು ತುಂಡು ಕತ್ತಲು.
ಅದರ ಹೆಸರು ಮೆಣಸು.
ಹೊಸಿಲಲ್ಲಿ ನನ್ನ ಜಮೇದಾರ,
ಹಂದಿಯ ಬೆನ್ನಟ್ಟಿದ್ದ ತಾಯಿಯ ಮಗ,
ಹಿರಿಯರು ಅಕ್ಕಿ ಹಾಕಿ ಹರಸುವ ಮೊದಲೇ
ಬುಟ್ಟಿಯ ಮೇಲೆ ಹಾರಿ
ನೆಂಟರೆದುರು ನನ್ನ ಮಾನ ಕಳೆದ.

ಒಂಬತ್ತು ದಿನ ಹಿಂದಿನ ಕೋಣೆಗೆ ಅಗಳಿ.
ಒಳಗೆ ಅವಳು, ಬೆಕ್ಕು. ಹೊರಗೆ ನಾನು, ನಾಯಿ.
ನಡುವೆ ಹಲಸಿನ ಹಲಗೆ,
ಹಲಗೆಯ ಕೆಳಗೆ ಎರಡು ಬೆರಳು ಸಂದು.
ಹೊಸ ಮದುಮಗನ ಪಾಡು ನೋಡಿ ಎಂದು
ಭಾವ ಫೋನಿನಲ್ಲಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಅವನ ಗೋಣಿತಾಟು ಬೆಕ್ಕಿಗೆ,
ಬೆಕ್ಕು ಮಲಗಿದ ಹಳೇ ಸೀರೆಯ ತುಂಡು ಅವನಿಗೆ.
ಮೊದಲು ವಾಸನೆ ಒಪ್ಪಬೇಕು, ಮುಖ ಆಮೇಲೆ:
ನಾನೇ ಹೇಳುವ ಮಾತು.
ಜಮೇದಾರ ಒಪ್ಪಲಿಲ್ಲ. ಸೀರೆಯನ್ನು ಕಚ್ಚಿ ಒಯ್ದು
ಏಲಕ್ಕಿ ಬುಡದಲ್ಲಿ ಹೂತ.
ದೇಚಕ್ಕ ಅಗೆದು ತಂದಳು, ಒಗೆಯಲಿಲ್ಲ,
ಮಣ್ಣು ಕೊಡವಿ ಅಲ್ಲೇ ಹಾಸಿದಳು.
ಸೊಸೈಟಿಯಲ್ಲಿ ಕಾಫಿ ತೂಗುವ ಕೈ ಅದು,
ತಕ್ಕಡಿ ತಪ್ಪಿದರೆ ಮೊದಲಿಂದ ತೂಗುತ್ತದೆ,
ತಕ್ಕಡಿಗೆ ಬೈಯುವುದಿಲ್ಲ.

ಬಾಗಿಲ ಆಚೆ ಮೀನಿನ ತಲೆ, ಈಚೆ ಮೂಳೆ ಅನ್ನ.
ದಿನಕ್ಕೊಂದು ಗೇಣು ತಟ್ಟೆಗಳು ಹತ್ತಿರ.
ಅಗಳಿ ತೆಗೆದ ದಿನ
ನಾಯಿಗೆ ಹಗ್ಗ, ಹಗ್ಗದ ತುದಿಗೆ ನಾನು,
ಬೆಕ್ಕಿಗೆ ಬೀರುವಿನ ನೆತ್ತಿ.
ಅಲ್ಲಿದ್ದ, ನಾನು ಹಾಕಿಯಲ್ಲಿ ಗೆದ್ದ ಕಪ್ಪುಗಳೆಲ್ಲ
ಅಂದಿನಿಂದ ಮಂಚದ ಕೆಳಗೆ.
ಬೆಕ್ಕಿಗೆ ಎತ್ತರ ಬೇಕು, ಓಡಲೊಂದು ದಾರಿ ಬೇಕು.
ದಾರಿ ಇದೆ ಎಂದು ಗೊತ್ತಿದ್ದರೆ ಓಡುವುದಿಲ್ಲ,
ಎಂದಳು ದೇಚಕ್ಕ, ನನ್ನ ಕಡೆ ನೋಡದೆ.

ಆದರೂ ಒಂದು ಮಧ್ಯಾಹ್ನ ಹಗ್ಗ ಜಾರಿತು.
ಒಂದೇ ಗೀರು, ಮೂಗಿನ ಮೇಲೆ, ಸಹಿ ಹಾಕಿದಂತೆ.
ಆಸ್ಪತ್ರೆಯ ನೇರಳೆ ಔಷಧಿ ಹಚ್ಚಿದೆ.
ಮೂರು ದಿನ ನೇರಳೆ ಮೂಗಿನ ಜಮೇದಾರ
ಕಾಫಿ ಗಿಡದ ಮರೆ ಬಿಟ್ಟು ಬರಲಿಲ್ಲ.

ಪುತ್ತರಿ ಬಂತು. ಹುಣ್ಣಿಮೆಯಲ್ಲಿ ದೀಪ ಹಿಡಿದು
ಗದ್ದೆಗಿಳಿದೆವು. ಕದಿರಿಗೆ ಕುಡುಗೋಲು ತಾಗಿತು,
ಕೋವಿ ಹಾರಿತು, ನಮ್ಮದೊಂದೇ ಅಲ್ಲ,
ಕಣಿವೆಯ ಗದ್ದೆಗದ್ದೆಯಿಂದ,
ಹಿಂದೆಯೇ ಪಟಾಕಿ, ಪೊಲಿ ಪೊಲಿ ಎಂಬ ಕೂಗು.
ಕೂಗುತ್ತಲೇ ನನ್ನ ತೋಳು ಹಿಡಿದಳು ಅವಳು:
‘ಮನೆಯಲ್ಲಿ ಅವೆರಡೇ!’

ಕದಿರು ಹೊತ್ತು ಬಂದರೆ ಮನೆಯಲ್ಲಿ ಸದ್ದಿಲ್ಲ.
ಮಂಚದ ಕೆಳಗೆ ಟಾರ್ಚು ಬಿಟ್ಟೆ.
ಉರುಳಿಬಿದ್ದ ಕಪ್ಪುಗಳ ನಡುವೆ ನಾಲ್ಕು ಕಣ್ಣು.
ಗಡಗಡ ನಡುಗುವ ಜಮೇದಾರ;
ಅವನ ಹೊಟ್ಟೆಗೆ ಬೆನ್ನು ಕೊಟ್ಟು
ಬಾಗಿಲಿಗೆ ಮುಖ ಮಾಡಿ ಮೆಣಸು
ಕೂತಿತ್ತು, ಪಾರಾ ಕಾಯುವ ಹಾಗೆ.
ಹೊಸ ಕದಿರು ಕಟ್ಟುವುದನ್ನೂ ಮರೆತು
ನೆಲಕ್ಕೆ ಕೆನ್ನೆಯಿಟ್ಟು ನೋಡಿದೆವು ಇಬ್ಬರೂ.

ಕಥೆ ಇಲ್ಲಿಗೇ ನಿಲ್ಲಬಹುದಿತ್ತು.
ಬೆಳಿಗ್ಗೆ ಅದು ಮತ್ತೆ ಉಸ್ಸೆಂದಿತು, ಇವನು ಗುರ್ರೆಂದ.
ಈಗ ಕಾಫಿ ಕಣದ ಬಿಸಿಲಲ್ಲಿ ಮಲಗುತ್ತವೆ,
ನಡುವೆ ಒಂದು ಮೊಳ ಒಣಗುವ ಹಣ್ಣು.
ಕೈಯಿಟ್ಟು ಅಳೆದಿದ್ದೇನೆ.
ಬಿಸಿಲು ಸರಿದರೆ ಎರಡೂ ಸರಿಯುತ್ತವೆ,
ಮೊಳ ಮೊಳವಾಗಿಯೇ ಉಳಿಯುತ್ತದೆ.

ಆಸ್ಪತ್ರೆಗೆ ಈಗಲೂ ಬಂದು ಕೇಳುತ್ತಾರೆ.
ಚೀಟಿ ತಿರುಗಿಸುತ್ತೇನೆ, ಪೆನ್ನು ತೆಗೆಯುತ್ತೇನೆ,
ಸುಮ್ಮನೆ ಹಿಡಿದು
ಒಂದೇ ಮಾತು ಕೇಳುತ್ತೇನೆ:
ಮನೆಯಲ್ಲಿ ಮಂಚದ ಕೆಳಗೆ
ಜಾಗ ಇದೆಯಾ?